ಗಾಳದ ದಾರವೂ ಗುಣವಾಗುವ ತೋಳೂ

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಮಂಗಳೂರಿನ ಅಳಿವೆಯಲ್ಲಿ ಬೀಸುಬಲೆ ಎಸೆಯುವವರನ್ನು ನೋಡದ ವಿದ್ಯಾರ್ಥಿಗಳು ಈ ಊರಿನಲ್ಲಿ ವಿರಳ. ಮಡಿಸಿ ತೋಳಿನ ಮೇಲೆ ಹಾಕಿಕೊಂಡ ಬಲೆಯು ಬೆಸ್ತನ ಕೈಯಿಂದ ಹೊರಟೊಡನೆ ಕೊಡೆಯಂತೆ ಅರಳಿ ನೀರಿನ ಮೇಲೆ ಬೀಳುತ್ತದೆ. ಹೀಗೆ ಅರಳುವುದಕ್ಕೆ ಕಾರಣವೇನು? ಬಲೆಯ ಅಂಚಿನಲ್ಲಿ ಸೀಸದ ಗುಂಡುಗಳಿವೆ. ಬಲೆಯು ತಿರುಗಿದಾಗ ಆ ಗುಂಡುಗಳು ಹೊರಹೊರಗೆ ಸರಿಯುತ್ತವೆ. ಹಗುರವಾದ ನೂಲನ್ನು ಭಾರವಾದ ಸೀಸವು ಎಳೆದೊಯ್ಯುತ್ತದೆ.

ಈಗ ಇದಕ್ಕೆ ವಿರುದ್ಧವಾದ ಒಂದು ಪ್ರಶ್ನೆಯನ್ನು ಹಾಕಿಕೊಳ್ಳೋಣ. ಎಸೆಯಬೇಕಾದ ವಸ್ತುವು ಒಂದು ನೊಣದಷ್ಟು ಹಗುರವಾಗಿದ್ದರೆ ಅದನ್ನು ನಲವತ್ತು ಐವತ್ತು ಅಡಿ ದೂರಕ್ಕೆ ಎಸೆಯುವುದು ಹೇಗೆ? ಒಂದು ಗರಿಯನ್ನು ಎಸೆದು ನೋಡಿ. ಅದು ನಿಮ್ಮ ಕಾಲಬುಡದಲ್ಲಿಯೇ ಬೀಳುತ್ತದೆ. ಪಶ್ಚಿಮ ದೇಶಗಳಲ್ಲಿ ಶತಮಾನಗಳಿಂದ ರೂಢಿಯಲ್ಲಿರುವ ‘ಫ್ಲೈ ಫಿಶಿಂಗ್’, ಎಂದರೆ ಕೃತಕ ನೊಣದ ಗಾಳ, ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡಿದೆ. ಗರಿ ಮತ್ತು ನೂಲುಗಳಿಂದ ಕೀಟದಂತೆ ಸಿಂಗರಿಸಿದ ಕೊಕ್ಕೆಗೆ ಇಲ್ಲಿ ತೂಕವಿಲ್ಲ, ತೂಕವಿರುವುದು ದಾರಕ್ಕೆ. ಬಳುಕುವ ಕೋಲನ್ನು ಹಿಂದಕ್ಕೆ ಬೀಸಿ ನಿಲ್ಲಿಸಬೇಕು. ದಾರವು ಹಿಂದೆ ನೆಟ್ಟಗಾಗುವವರೆಗೆ ಕಾಯಬೇಕು. ಬಳಿಕ ಮುಂದಕ್ಕೆ ಬೀಸಿ ಮತ್ತೆ ಥಟ್ಟನೆ ನಿಲ್ಲಿಸಬೇಕು. ಬಿಲ್ಲಿನಂತೆ ಬಾಗಿದ್ದ ಕೋಲು ನೆಟ್ಟಗಾಗುವಾಗ ತನ್ನ ಶಕ್ತಿಯನ್ನು ದಾರಕ್ಕೆ ಕೊಡುತ್ತದೆ. ದಾರವು ಒಂದು ಕುಣಿಕೆಯಾಗಿ ಸುರುಳಿ ಬಿಚ್ಚುತ್ತ ಮುಂದೆ ಸಾಗುತ್ತದೆ.

ಈ ಕುಣಿಕೆಯಲ್ಲಿಯೇ ಇರುವುದು ಸ್ವಾರಸ್ಯ. ಸುರುಳಿ ಬಿಚ್ಚಿದಂತೆಲ್ಲ ಚಲಿಸುತ್ತಿರುವ ದಾರದ ಭಾಗವು ಕಿರಿದಾಗುತ್ತ ಹೋಗುತ್ತದೆ. ಚಲನಶಕ್ತಿಯು ದ್ರವ್ಯರಾಶಿಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ ಎಂಬುದನ್ನು ನೀವು ಕಲಿತಿದ್ದೀರಿ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಚಲಿಸುವ ರಾಶಿಯು ಕಾಲು ಭಾಗಕ್ಕೆ ಇಳಿದಾಗ ವೇಗವು ಇಮ್ಮಡಿಯಾಗಬೇಕು. ಗಾಡಿಯ ಎತ್ತಿನ ಮೇಲೆ ಬೀಸುವ ಚಾವಟಿಯ ತುದಿ ಚಟ್ಟೆನ್ನುವುದೂ ಇದೇ ಕಾರಣದಿಂದ. ಹೀಗೆ ದಾರದ ತುದಿಯಲ್ಲಿರುವ ‘ನೊಣ’ವು ತನ್ನ ತೂಕದಿಂದಲ್ಲ, ದಾರದ ಶಕ್ತಿಯಿಂದ ದೂರ ಸೇರುತ್ತದೆ. ಆದುದರಿಂದ ಈ ಕಲೆಯಲ್ಲಿ ತೋಳಿನ ಬಲಕ್ಕಿಂತ ಕಾಲದ ಹದ ಮುಖ್ಯ. ಬಲಶಾಲಿಯು ಅವಸರಪಟ್ಟು ಸೋಲುವ ಕಡೆ ಸಮಾಧಾನವುಳ್ಳವರು ಗೆಲ್ಲುತ್ತಾರೆ.

ಬಲವಿಲ್ಲದ ತೋಳಿನಿಂದ ಸಾಧ್ಯವಾಗುವ, ಆದರೆ ತೋಳನ್ನು ಮತ್ತೆ ಮತ್ತೆ ಮೆಲ್ಲನೆ ಆಡಿಸುವ ಈ ಬೀಸು ವೈದ್ಯರ ಗಮನವನ್ನು ಸೆಳೆದುದು ಆಶ್ಚರ್ಯವಲ್ಲ. ಅದನ್ನು ತಿಳಿಯಲು ಸ್ತನ ಕ್ಯಾನ್ಸರಿನ ವಿಷಯವನ್ನು ಸ್ವಲ್ಪ ನೋಡಬೇಕು.

ಭಾರತದ ಸ್ತ್ರೀಯರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಆ ಒಂದೇ ವರ್ಷದಲ್ಲಿ ಸುಮಾರು 1,92,000 ಸ್ತ್ರೀಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ರೋಗವು ಹರಡುವ ಮೊದಲ ದಾರಿಗಳಲ್ಲಿ ಕಂಕುಳಿನ ದುಗ್ಧಗ್ರಂಥಿಗಳೂ ಸೇರಿವೆ. ಆದಕಾರಣ ಶಸ್ತ್ರವೈದ್ಯರು ಗೆಡ್ಡೆಯೊಡನೆ ಈ ಗ್ರಂಥಿಗಳಲ್ಲಿ ಕೆಲವನ್ನೊ ಹಲವನ್ನೊ ತೆಗೆಯಬೇಕಾಗುತ್ತದೆ. ಗಾಯ ಮಾಯುವಾಗ ಅಂಗಾಂಶವು ಬಿಗಿದುಕೊಳ್ಳುತ್ತದೆ. ವಿಕಿರಣ ಚಿಕಿತ್ಸೆಯು ಈ ಬಿಗಿತವನ್ನು ಹೆಚ್ಚಿಸಬಹುದು. ಹೆಗಲಿನ ಕೀಲು ಮೊದಲಿನಂತೆ ತಿರುಗುವುದಿಲ್ಲ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವುದು, ಬಾಚಿದ ತಲೆಗೆ ಮಲ್ಲಿಗೆ ಮುಡಿಯುವುದು ಮೊದಲಾದ ಸಣ್ಣ ಕೆಲಸಗಳೂ ಕಷ್ಟವಾಗುತ್ತವೆ.

ಇನ್ನೊಂದು ತೊಂದರೆಯೂ ಉಂಟು. ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧರಸಕ್ಕೆ ಅಂಥ ಹೃದಯವಿಲ್ಲ. ದುಗ್ಧನಾಳಗಳ ಗೋಡೆಯ ಸಂಕೋಚನದಿಂದಲೂ ಸುತ್ತಲಿನ ಸ್ನಾಯುಗಳ ಒತ್ತಡದಿಂದಲೂ ಅದು ಮುಂದೆ ಸಾಗುತ್ತದೆ. ಹಿಂದಕ್ಕೆ ಬಾರದಂತೆ ಕವಾಟಗಳು ತಡೆಯುತ್ತವೆ. ಗ್ರಂಥಿಗಳನ್ನು ತೆಗೆದಾಗ ಈ ಹಾದಿಯು ಮುರಿಯುತ್ತದೆ. ಮಳೆಗಾಲದಲ್ಲಿ ತೋಡಿಗೆ ಕಸ ಕಟ್ಟಿಕೊಂಡರೆ ನೀರು ಅಂಗಳಕ್ಕೆ ನುಗ್ಗುವಂತೆ, ದ್ರವವು ತೋಳಿನಲ್ಲಿ ನಿಂತು ಕೆಲವರಿಗೆ ಬಾವು ಬರುತ್ತದೆ.

ಈ ಬಾವಿನ ಭಯದಿಂದ ಬಹುಕಾಲ ವೈದ್ಯರು, ‘ಆ ತೋಳಿನಿಂದ ಭಾರ ಎತ್ತಬೇಡಿ, ದುಡಿಯಬೇಡಿ’ ಎಂದೇ ಹೇಳುತ್ತಿದ್ದರು. ಮಾತು ಸಹಜವೆಂದು ತೋರಿದರೂ ಅದಕ್ಕೆ ಪ್ರಯೋಗದ ಆಧಾರವು ಸಾಲದಾಗಿತ್ತು. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಎಂಬ ವೈದ್ಯರು ಚಿಕಿತ್ಸೆಯಾದ 24 ಸ್ತ್ರೀಯರಿಗೆ ಉದ್ದನೆಯ ದೋಣಿಯಲ್ಲಿ ಹುಟ್ಟು ಹಾಕುವ ಅಭ್ಯಾಸವನ್ನು ಮಾಡಿಸಿದರು. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಇದು ಸಣ್ಣ ಪರೀಕ್ಷೆ. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಸ್ ಮತ್ತು ಸಂಗಡಿಗರು, ಆಗಲೇ ಬಾವಿದ್ದ 141 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ಕ್ರಮಕ್ರಮವಾಗಿ ಭಾರ ಎತ್ತಿಸಿದ ಫಲವನ್ನು ಪ್ರಕಟಿಸಿದರು. ಅವರ ಬಾವು ಹೆಚ್ಚಲಿಲ್ಲ. ಮಾತ್ರವಲ್ಲ, ಬಾವು ಮರುಕಳಿಸಿ ಉಲ್ಬಣಿಸಿದ ಪ್ರಸಂಗಗಳು ಮತ್ತೊಂದು ಗುಂಪಿಗಿಂತ ಕಡಿಮೆಯಾಗಿದ್ದವು. ಇಂದಿನ ವೈದ್ಯರು ಚಲನೆಯನ್ನು ನಿಷೇಧಿಸುವುದಿಲ್ಲ. ಯಾವಾಗ, ಎಷ್ಟು ಎಂಬ ಕ್ರಮವನ್ನು ಹೇಳಿಕೊಡುತ್ತಾರೆ.

ಅದೇ 1996ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಒಬ್ಬ ಶಸ್ತ್ರವೈದ್ಯೆಯೂ ಗಾಳದ ಕಲೆಯಲ್ಲಿ ನುರಿತ ಇನ್ನೊಬ್ಬ ಮಹಿಳೆಯೂ ಕೂಡಿ ‘ಕಾಸ್ಟಿಂಗ್ ಫಾರ್ ರಿಕವರಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಶಸ್ತ್ರಚಿಕಿತ್ಸೆಯ ಬಳಿಕ ಹೇಳಿಕೊಡುವ ತೋಳಿನ ವ್ಯಾಯಾಮಕ್ಕೂ ಗಾಳ ಬೀಸುವ ಚಲನೆಗೂ ಇರುವ ಹೋಲಿಕೆಯೇ ಅವರ ಆಲೋಚನೆಯ ಮೂಲ. ವಾರದ ಕೊನೆಯಲ್ಲಿ ಎರಡೂವರೆ ದಿನಗಳ ಶಿಬಿರ, ಸುಮಾರು ಹದಿನಾಲ್ಕು ಮಂದಿ ಸ್ತ್ರೀಯರು, ಶುಲ್ಕವಿಲ್ಲ. ವೈದ್ಯಕೀಯ ಸಿಬ್ಬಂದಿ, ಮನಸ್ಸಿನ ಸಂಕಟವನ್ನು ಕೇಳಿ ಸಂತೈಸಬಲ್ಲವರು, ಗಾಳದ ಗುರುಗಳು ಎಲ್ಲರೂ ಅಲ್ಲಿರುತ್ತಾರೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುತ್ತಾರೆ. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು: ಗಾಳ ಬೀಸುವುದರಿಂದ ಕ್ಯಾನ್ಸರ್ ಗುಣವಾಗುವುದಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಗಳು ಅದರ ಕೆಲಸವನ್ನು ಮಾಡತಕ್ಕವು. ರೋಗವನ್ನು ಎದುರಿಸಿದ ಬಳಿಕ ಉಳಿಯುವ ಬಿಗಿತ, ಭಯ, ಒಂಟಿತನಗಳಿಗೆ ನದಿಯ ದಡವು ನೆರವಾಗುತ್ತದೆ, ಅಷ್ಟೆ. ಆದರೆ ಆ ‘ಅಷ್ಟೆ’ ಎಂಬುದು ಸಣ್ಣದಲ್ಲ.

ನಮ್ಮ ನಾಡಿನಲ್ಲಿ ಇದು ನಡೆಯಬಲ್ಲುದೆ? ಕಾವೇರಿಯ ಡುಬ್ಬದ ಮಹಶೀರ್ ಮೀನು ಒಂದು ಕಾಲದಲ್ಲಿ ಗಾಳದವರನ್ನು ಜಗತ್ತಿನ ನಾನಾ ಕಡೆಗಳಿಂದ ಕರೆತರುತ್ತಿತ್ತು; ಇಂದು ಅದು ಅಳಿವಿನ ಅಂಚಿನಲ್ಲಿದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ಕಪಿಲಾ ನದಿಯ ದೇವಾಲಯದ ಬಳಿ, ಮಹಶೀರುಗಳನ್ನು ಯಾರೂ ಹಿಡಿಯುವಂತಿಲ್ಲ. ಭಕ್ತರು ಆಹಾರವನ್ನು ಎಸೆದು ಮೀನುಗಳು ಮುತ್ತುವುದನ್ನು ನೋಡಿ ಸಂತೋಷಪಡುತ್ತಾರೆ. ಆದರೆ ಬೀಸಿನ ಅಭ್ಯಾಸಕ್ಕೆ ಮೀನೂ ಬೇಡ, ಕೊಕ್ಕೆಯೂ ಬೇಡ. ಕಲಿಯುವವರು ದಾರದ ತುದಿಗೆ ಒಂದು ಉಣ್ಣೆಯ ಎಳೆಯನ್ನು ಕಟ್ಟಿ ಹುಲ್ಲಿನ ಮೇಲೆಯೇ ಬೀಸುತ್ತಾರೆ.

ಮಂಗಳೂರು ಆಸ್ಪತ್ರೆಗಳ ಊರು. 1848ರಲ್ಲಿ ಆರಂಭವಾದ ವೆನ್ಲಾಕ್ ಆಸ್ಪತ್ರೆ, 1880ರಿಂದ ಬೆಳೆದು ಬಂದ ಫಾದರ್ ಮುಲ್ಲರ್ ಸಂಸ್ಥೆ ಮೊದಲಾದವು ಇಲ್ಲಿವೆ. ಎರಡು ನದಿಗಳೂ ಇವೆ. ಇಲ್ಲಿಗೆ ಬರುವ ಎಷ್ಟೋ ಸ್ತ್ರೀಯರು ಸಂಕೋಚದಿಂದ ಗೆಡ್ಡೆಯನ್ನು ತಿಂಗಳುಗಟ್ಟಲೆ ಮರೆಮಾಚುತ್ತಾರೆ. ಗುಣವಾದ ಮೇಲೆ ತೋಳಿನ ನೋವನ್ನೂ ಹಾಗೆಯೇ ಮರೆಮಾಚುತ್ತಾರೆ. ನೋವಿಲ್ಲದ ಗೆಡ್ಡೆಯನ್ನೂ ಬೇಗನೆ ತೋರಿಸಬೇಕು. ಬಿಗಿದ ತೋಳನ್ನು ವೈದ್ಯರ ಸಲಹೆಯಂತೆ ಆಡಿಸಬೇಕು. ಈ ಎರಡು ಮಾತುಗಳನ್ನು ಓದುಗರು ತಮ್ಮ ತಾಯಿ, ಅಕ್ಕ, ಅತ್ತೆಯರಿಗೆ ಮುಟ್ಟಿಸಿದರೆ ಈ ಲೇಖನದ ದಾರವು ಮುಟ್ಟಬೇಕಾದ ದೂರವನ್ನು ಮುಟ್ಟಿದಂತೆಯೇ.