ಸೈಕಲ್ ಸೀಟಿನ ಸಂಕಟ

ಬಸವಾಪಟ್ಟಣದಿಂದ ಸೂಳೆಕೆರೆಯ ಕಡೆಗೆ ಮುಂಜಾನೆ ಸೈಕಲ್ಲಿನಲ್ಲಿ ಹೋಗಿಬರುವುದು ಬಲು ಸೊಗಸಾದ ಸಂಗತಿ. ಕೋಟೆಯ ಗುಡ್ಡ ಬೆನ್ನ ಹಿಂದೆ ಉಳಿಯುತ್ತದೆ. ಭದ್ರಾ ನಾಲೆಯ ನೀರುಂಡ ಗದ್ದೆಗಳೂ ಅಡಕೆಯ ತೋಟಗಳೂ ಇಕ್ಕೆಲದಲ್ಲಿ ಹಿಂದೆ ಸರಿಯುತ್ತವೆ. ಕೊನೆಗೆ ಕೆರೆಯ ಮೇಲಿಂದ ಬರುವ ತಂಗಾಳಿ ಮುಖಕ್ಕೆ ತಾಗಿದಾಗ, ಇದುವರೆಗೆ ಹಾಸಿಗೆಯಲ್ಲಿ ಕಳೆದ ಮುಂಜಾನೆಗಳೆಲ್ಲ ವ್ಯರ್ಥವಾದವಲ್ಲಾ ಎನ್ನಿಸುತ್ತದೆ.

ಈ ಸುಖವನ್ನು ನಂಬಿ, ಮೂವತ್ತೈದು ದಾಟಿದ ನಾನು, ಬಾಗಿದ ಹ್ಯಾಂಡಲ್ಲೂ ಕಿರಿದಾದ ಸೀಟೂ ಉಳ್ಳ ಹೊಸ ಮಾದರಿಯ ಸೈಕಲ್ಲೊಂದನ್ನು ಕೊಂಡೆ. ಮೊದಲನೆಯ ಭಾನುವಾರವೇ ಕೆರೆಯನ್ನು ಮುಟ್ಟಿ ಬಂದೆ. ಸೋಮವಾರ ಕಾಲೇಜಿನಲ್ಲಿ ಮೂರು ಪೀರಿಯಡ್ಡುಗಳನ್ನೂ ನಿಂತೇ ಮುಗಿಸಿದೆ. “ಸಾರ್ ಇವತ್ತು ಕುರ್ಚಿಯನ್ನೇ ಮುಟ್ಟಲಿಲ್ಲ, ಪಾಠದಲ್ಲಿ ಎಂಥ ಉತ್ಸಾಹ!” ಎಂದು ವಿದ್ಯಾರ್ಥಿಗಳು ತಮ್ಮೊಳಗೆ ಮಾತನಾಡಿಕೊಂಡರಂತೆ. ಆ ಉತ್ಸಾಹದ ಮೂಲ ಎಲ್ಲಿತ್ತೆಂಬುದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮನೆಯಾಕೆಗೂ ಹೇಳಲಿಲ್ಲ. ಹೇಳದೆ ಇದ್ದದ್ದೇ ತಪ್ಪಾಯಿತೆಂಬುದನ್ನು ತಿಳಿಸಲೆಂದೇ ಈ ಬರಹ.

ಹಳೆಯ ಸೀಟು, ಹೊಸ ಸೀಟು

ನಮ್ಮ ತಂದೆಯವರ ಕಾಲದ ಕಪ್ಪು ಸೈಕಲ್ಲನ್ನು ಎಲ್ಲರೂ ಬಲ್ಲರು. ಅದರ ಸೀಟು ಅಗಲ, ಅಡಿಯಲ್ಲಿ ಸ್ಪ್ರಿಂಗು, ಸವಾರ ನೆಟ್ಟಗೆ ಕೂರುವ ಭಂಗಿ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಒಬ್ಬರು, ಮುಂದಿನ ಕಂಬಿಯ ಮೇಲೆ ಒಂದು ಮಗು, ಇಷ್ಟನ್ನೂ ಹೊತ್ತು ಅವರು ಊರಿಂದೂರಿಗೆ ಹೋಗಿಬರುತ್ತಿದ್ದರು. ಸೀಟನ್ನು ದೂರಿದ್ದನ್ನು ನಾನು ಕೇಳಿಲ್ಲ. ಹಾಗಾದರೆ ಸಾವಿರಾರು ರೂಪಾಯಿ ತೆತ್ತು ಕೊಂಡ ಹೊಸ ಸೈಕಲ್ಲಿಗೆ ಅಂಗೈ ಅಗಲದ ಗಟ್ಟಿ ಸೀಟೇಕೆ?

ಉತ್ತರ ನಮ್ಮ ಎಲುಬಿನಲ್ಲಿದೆ. ಗಟ್ಟಿಯಾದ ಹಲಗೆಯ ಮೇಲೆ ಕುಳಿತು ಎರಡೂ ಅಂಗೈಗಳನ್ನು ಕೆಳಗೆ ತೂರಿಸಿ ನೋಡಿ. ಎರಡು ಎಲುಬಿನ ಗುಬುಟುಗಳು ಕೈಗೆ ಒತ್ತುತ್ತವೆ. ಇವೇ ಆಸನಾಸ್ಥಿಗಳು. ದೇಹದ ಭಾರವನ್ನು ಹೊರಲು ಪ್ರಕೃತಿ ಕೊಟ್ಟ ಎರಡು ಕಂಬಗಳು ಇವು. ಇವುಗಳ ನಡುವಿನ ಮೃದುವಾದ ಭಾಗ, ಯೋಗಶಾಸ್ತ್ರದವರು ಮೂಲಾಧಾರವೆಂದು ಗುರುತಿಸುವ ಸ್ಥಳ, ಭಾರ ಹೊರಲು ಇರುವುದಲ್ಲ. ಜನನಾಂಗಕ್ಕೆ ಹೋಗುವ ನರವೂ ರಕ್ತನಾಳಗಳೂ ಅಲ್ಲಿಯೇ ಹಾದುಹೋಗುತ್ತವೆ.

ನೆಟ್ಟಗೆ ಕುಳಿತವನ ಭಾರ ಆಸನಾಸ್ಥಿಗಳ ಹಿಂಭಾಗದ ಮೇಲೆ ಬೀಳುತ್ತದೆ. ಅವನಿಗೆ ಅಗಲವಾದ ಸೀಟು ಹಿತ. ಮುಂದಕ್ಕೆ ಬಾಗಿದವನ ಸೊಂಟ ಮುಂದೆ ಹೊರಳುತ್ತದೆ; ಎಲುಬುಗಳ ನಡುವಣ ಅಂತರವೂ ಅಲ್ಲಿ ಕಿರಿದು. ಅಗಲವಾದ ಸೀಟಾದರೆ ತೊಡೆಗೆ ಒರಸುತ್ತದೆ. ಸೀಟು ಮೆತ್ತಗಿದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರುಂಟು. ನಾನೂ ಹಾಗೆಂದೇ ದಪ್ಪ ಹತ್ತಿಮೆತ್ತೆಯಂಥ ಕವಚವೊಂದನ್ನು ತಂದು ಹಾಕಿದೆ. ಎಲುಬುಗಳು ಅದರೊಳಗೆ ಹೂತುಹೋದವು. ಮೆತ್ತೆ ನಡುವೆ ಉಬ್ಬಿ, ಯಾವ ಭಾಗವನ್ನು ಒತ್ತಬಾರದೋ ಆ ಭಾಗವನ್ನೇ ಒತ್ತಿತು. ಅರ್ಧ ಗಂಟೆಗೆ ಹಿತವಾದದ್ದು ಎರಡು ಗಂಟೆಗೆ ಶತ್ರುವಾಯಿತು.

ಈ ಸಂಕಟ ಸೈಕಲ್ಲಿನಷ್ಟೇ ಹಳೆಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಜೀನು ಮುಂತಾದ ಚರ್ಮದ ಸರಕನ್ನು ಮಾಡುತ್ತಿದ್ದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ, 1878ರಲ್ಲಿ ತನ್ನ ಕುದುರೆ ಸತ್ತಾಗ ಸೈಕಲ್ ಹತ್ತಿದನಂತೆ. ಅದರ ಮರದ ಸೀಟು ಕೊಟ್ಟ ಹಿಂಸೆಯನ್ನು ತಾಳಲಾರದೆ, ಚರ್ಮವನ್ನು ಬಿಗಿದು ಕಟ್ಟಿದ ಸೀಟನ್ನು ರೂಪಿಸಿ 1882ರಲ್ಲಿ ಅದಕ್ಕೆ ಪೇಟೆಂಟು ಪಡೆದ. ನೋವನ್ನು ನುಂಗಿಕೊಂಡು ಸುಮ್ಮನಿದ್ದಿದ್ದರೆ ಆ ಸೀಟು ಹುಟ್ಟುತ್ತಿರಲಿಲ್ಲ.

ಜೋಮಿನ ಎಚ್ಚರಿಕೆ

ನಾನಾದರೋ ನುಂಗಿಕೊಂಡೆ. ಎರಡನೆಯ ವಾರ ನೋವು ಕಡಮೆಯಾಯಿತು. ಅದರ ಸ್ಥಾನದಲ್ಲಿ ಜೋಮು ಬಂದಿತು. ಒಂದು ಗಂಟೆಯ ಸವಾರಿಯಾದ ಮೇಲೆ ತೊಡೆಗಳ ನಡುವಿನ ಭಾಗ ನನ್ನದಲ್ಲವೇನೋ ಎಂಬಂತೆ ಮರಗಟ್ಟುತ್ತಿತ್ತು. ನೋವಿಲ್ಲವಾದುದರಿಂದ ‘ದೇಹ ಪಳಗಿತು’ ಎಂದು ಹಿಗ್ಗಿದೆ. ಮೂರನೆಯ ವಾರ ಮನೆಗೆ ಬಂದು ಸ್ನಾನ ಮುಗಿಸಿದ ಮೇಲೂ ಜೋಮು ಇಳಿಯಲಿಲ್ಲ. ಆ ದಿನ ಮಾತ್ರ ನನಗೆ ಭಯವಾಯಿತು.

ವೈದ್ಯರ ಬಳಿಗೆ ಹೋದೆ. ಅವರು ನಗಲಿಲ್ಲ. “ನೋವು ಕೂಗಿ ಹೇಳುತ್ತದೆ ಮೇಷ್ಟ್ರೇ, ಜೋಮು ಹೇಳದೆ ಕೆಡಿಸುತ್ತದೆ. ನರ ಒತ್ತಿದೆ, ರಕ್ತ ಸರಿಯಾಗಿ ಹರಿಯುತ್ತಿಲ್ಲ ಅಂತ ಅದರ ಅರ್ಥ. ಸೈಕಲ್ ಬಿಡಬೇಕಾಗಿಲ್ಲ, ಕೂರುವುದನ್ನು ಕಲಿಯಬೇಕು,” ಎಂದರು.

ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಲ್ಲಿ ಈ ತೊಂದರೆ ಕಾಣಿಸಿಕೊಂಡಾಗ, ಅಲ್ಲಿಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅದನ್ನು ಪರೀಕ್ಷಿಸಿತು. 90 ಮಂದಿಗೆ ಮುಂದಿನ ಮೂತಿಯೇ ಇಲ್ಲದ ಸೀಟುಗಳನ್ನು ಆರು ತಿಂಗಳು ಬಳಸಲು ಕೊಟ್ಟರು. ಜೋಮು ಕಾಣಲಿಲ್ಲ ಎನ್ನುವವರ ಪ್ರಮಾಣ ನೂರಕ್ಕೆ 27ರಿಂದ 82ಕ್ಕೆ ಏರಿತೆಂದು 2008ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಎಲ್ಲರೂ ಮೂತಿಯಿಲ್ಲದ ಸೀಟನ್ನೇ ಕೊಳ್ಳಬೇಕೆಂದಲ್ಲ. ಒತ್ತಡ ತಪ್ಪಿದರೆ ಜೋಮೂ ತಪ್ಪುತ್ತದೆಂಬುದು ಇದರಿಂದ ಸಿದ್ಧವಾಗುತ್ತದೆ. ನಡುವೆ ಸೀಳು ಬಿಟ್ಟ ಸೀಟುಗಳು ಈಗ ಧಾರಾಳವಾಗಿ ಸಿಗುತ್ತವೆ. ಸ್ತ್ರೀಯರಿಗೂ ಈ ತೊಂದರೆ ಉಂಟು. ಅವರ ಆಸನಾಸ್ಥಿಗಳ ಅಂತರ ಸಾಮಾನ್ಯವಾಗಿ ಹೆಚ್ಚಾದುದರಿಂದ ಸ್ವಲ್ಪ ಅಗಲವಾದ ಸೀಟು ಬೇಕಾಗಬಹುದು.

ಚಾಚಾನ ರಸಮಟ್ಟ

ವೈದ್ಯರು ಹೇಳಿದ ‘ಕೂರುವ ವಿದ್ಯೆ’ಯನ್ನು ನನಗೆ ಕಲಿಸಿದವರು ಊರಿನ ಒಬ್ಬ ವೃದ್ಧ ಸೈಕಲ್ ರಿಪೇರಿಯವರು. ಊರಿಗೆಲ್ಲ ಅವರು ಚಾಚಾ. ನಾನು ಅಂಗಡಿಯ ಮುಂದೆ ಇಳಿಯುತ್ತಿರುವಂತೆಯೇ ಅವರೆಂದರು: “ಏನ್ ಮೇಷ್ಟ್ರೇ, ಸೀಟಿನ ಮೂತಿ ಆಕಾಶ ನೋಡ್ತಾ ಐತೆ. ನೀವು ಕೂತಿರೋದು ಸೀಟಿನ ಮೇಲೋ, ಈಟಿ ಮೇಲೋ?”

ಅವರು ಗಾರೆಯವರ ರಸಮಟ್ಟವನ್ನು ತರಿಸಿ ಸೀಟಿನ ಮೇಲಿಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿತು. ಸೈಕಲ್ಲನ್ನು ಸಮನೆಲದಲ್ಲಿ ನಿಲ್ಲಿಸಿ ಸೀಟನ್ನು ಮಟ್ಟಸವಾಗಿಸಬೇಕು. ಬೇಕೆನಿಸಿದರೆ ಮೂತಿಯನ್ನು ಕೂದಲೆಳೆಯಷ್ಟು ತಗ್ಗಿಸಬಹುದು. ಹೆಚ್ಚು ತಗ್ಗಿಸಿದರೆ ಸವಾರ ಮುಂದಕ್ಕೆ ಜಾರುತ್ತಾನೆ, ಭಾರವೆಲ್ಲ ಅಂಗೈ ಮೇಲೆ ಬಿದ್ದು ಬೆರಳುಗಳು ಜೋಮು ಹಿಡಿಯುತ್ತವೆ.

ಅನಂತರ ಎತ್ತರ. ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಕುಳಿತು, ಪೆಡಲನ್ನು ತೀರ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಆಗ ಮೊಣಕಾಲು ತಕ್ಕಷ್ಟು ಬಾಗುತ್ತದೆ. ಲೆಕ್ಕ ಬೇಕೆನ್ನುವವರಿಗೆ ಒಂದು ಸೂತ್ರವುಂಟು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ಪುಸ್ತಕವೊಂದನ್ನು ತೊಡೆಸಂದಿಗೆ ಒತ್ತಿ ಹಿಡಿದು, ನೆಲದಿಂದ ಅದರ ಅಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿದರೆ, ಪೆಡಲು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಉದ್ದ ಸಿಗುತ್ತದೆ. 80 ಸೆಂಟಿಮೀಟರಿನವನಿಗೆ ಇದು ಸುಮಾರು 70.6 ಸೆಂಟಿಮೀಟರು. ಇದು ಆರಂಭದ ಲೆಕ್ಕ. ಕೊನೆಯ ತೀರ್ಪು ದೇಹದ್ದೇ. ಸೀಟು ಎತ್ತರವಾದರೆ ಪ್ರತಿ ತುಳಿತಕ್ಕೂ ಸೊಂಟ ಆ ಕಡೆ ಈ ಕಡೆ ತೂಗಿ ಚರ್ಮ ಒರಸುತ್ತದೆ, ಮೊಣಕಾಲಿನ ಹಿಂಭಾಗ ನೋಯುತ್ತದೆ. ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬದಲಿಸಬಾರದು.

ಹ್ಯಾಂಡಲ್ಲಿಗೆ ಕೈ ಚಾಚಿ ಚಾಚಿ ಹಿಡಿಯಬೇಕಾದರೆ ದೇಹ ತಾನಾಗಿ ಮೂತಿಯ ಕಡೆಗೆ ಸರಿಯುತ್ತದೆ. ಹೊಸಬರು ಹ್ಯಾಂಡಲ್ಲನ್ನು ಕೊಂಚ ಎತ್ತರಕ್ಕೂ ಹತ್ತಿರಕ್ಕೂ ತರಿಸಿಕೊಳ್ಳುವುದು ಲೇಸು. ಸೀಟಿನ ಅಗಲ ತಿಳಿಯಲು ರಟ್ಟಿನ ಪೆಟ್ಟಿಗೆಯ ತುಂಡೊಂದನ್ನು ಗಟ್ಟಿ ಮಣೆಯ ಮೇಲಿಟ್ಟು ಕೂರಬೇಕು. ಎದ್ದಾಗ ಎರಡು ಕುಳಿಗಳು ಕಾಣುತ್ತವೆ. ಅವುಗಳ ನಡುವಿನಿಂದ ನಡುವಿಗೆ ಅಳೆದು, ಅದಕ್ಕಿಂತ ಸ್ವಲ್ಪ ಅಗಲವಾದ ಸೀಟನ್ನು ಕೇಳಬೇಕು.

ಉಡುಪು, ರಸ್ತೆ, ಅಭ್ಯಾಸ

ಸವಾರರಿಗೆಂದೇ ಮೆತ್ತೆ ಹೊಲಿದ ಬಿಗಿಚಡ್ಡಿಗಳಿವೆ. ಅದರೊಳಗೆ ಒಳಚಡ್ಡಿ ಹಾಕಬಾರದೆಂಬುದು ಮೊದಲಿಗೆ ಸಂಕೋಚವೆನಿಸಿದರೂ ಕಾರಣ ಸರಳ. ಒಳಚಡ್ಡಿಯ ಹೊಲಿಗೆಯೇ ಬೆವರಿನಲ್ಲಿ ನೆನೆದು ಚರ್ಮವನ್ನು ಗರಗಸದಂತೆ ತೀಡುತ್ತದೆ. ಒರಸುವ ಜಾಗಕ್ಕೆ ತೆಳ್ಳಗೆ ವ್ಯಾಸಲೀನು ಹಚ್ಚಬಹುದು. ಮನೆಗೆ ಬಂದೊಡನೆ ಚಡ್ಡಿ ಬದಲಿಸಿ, ಸ್ನಾನಮಾಡಿ, ಮೈಯನ್ನು ಚೆನ್ನಾಗಿ ಒಣಗಿಸಬೇಕು. ಬೆವರಿದ ಬಟ್ಟೆಯಲ್ಲೇ ಕಾಫಿ ಕುಡಿಯುತ್ತ ಪತ್ರಿಕೆ ಓದುವ ಸುಖವನ್ನು ತ್ಯಜಿಸಬೇಕು. ಒಮ್ಮೆ ತೊಟ್ಟದ್ದನ್ನು ಒಗೆಯದೆ ಮತ್ತೆ ತೊಡಬಾರದು.

ನಮ್ಮ ರಸ್ತೆಗಳಿಗೆಂದೇ ಒಂದೆರಡು ಮಾತು. ಹಳ್ಳ, ಉಬ್ಬು, ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆಯೇ ಹರವಿದ ಮೆಕ್ಕೆಜೋಳ, ಇವು ಕಂಡಾಗ ವೇಗ ತಗ್ಗಿಸಿ, ಪೆಡಲುಗಳನ್ನು ಸಮಾನಾಂತರದಲ್ಲಿ ನಿಲ್ಲಿಸಿ, ಮೊಣಕಾಲು ಬಾಗಿಸಿ ಸೀಟಿನಿಂದ ತುಸು ಮೇಲೇಳಬೇಕು. ಪೆಟ್ಟನ್ನು ಕಾಲು ತಿನ್ನಲಿ, ಬೆನ್ನುಮೂಳೆ ತಿನ್ನದಿರಲಿ. ಚಕ್ರಕ್ಕೆ ಕಲ್ಲಿನಂತೆ ಗಾಳಿ ತುಂಬುವುದೂ ಬೇಡ. ಸೈಕಲ್ಲಿನಲ್ಲಿ ಎಡೆಯಿದ್ದರೆ 28 ಅಥವಾ 32 ಮಿಲಿಮೀಟರು ಅಗಲದ ಟಯರು ಹಾಕಿಸಬಹುದು.

ಸಮತಟ್ಟಾದ ದಾರಿಯಲ್ಲೂ ಹತ್ತು ನಿಮಿಷಕ್ಕೊಮ್ಮೆ ಎದ್ದು ನಿಂತು ಹತ್ತಿಪ್ಪತ್ತು ಸೆಕೆಂಡು ತುಳಿದರೆ ರಕ್ತ ಮತ್ತೆ ಹರಿಯುತ್ತದೆ. ಮೊದಲ ವಾರಗಳಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ನಡುವೆ ಒಂದು ದಿನ ಬಿಡುವು. ಎಲುಬಿನ ಮೇಲಿನ ಸಾಮಾನ್ಯ ನೋವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಜೋಮು ಮಾತ್ರ ಅಭ್ಯಾಸದಿಂದ ಹೋಗುವಂಥದಲ್ಲ. ಅದು ಬಂದೊಡನೆ ಇಳಿಯಬೇಕು, ಸೀಟನ್ನು ಸರಿಪಡಿಸಬೇಕು. ಆದರೂ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು.

ಎಂಟು ಸೆಕೆಂಡು

ಒರಸಿದ ಚರ್ಮದಲ್ಲಿ ರೋಮದ ಬುಡ ಸೋಂಕಾದರೆ ಗುಳ್ಳೆ ಏಳುತ್ತದೆ. ಅಲಕ್ಷಿಸಿದರೆ ಅದೇ ಕೀವುಗಟ್ಟಿದ ಕುರುವಾಗುತ್ತದೆ. 1989ರ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಕೊನೆಯ ದಿನದವರೆಗೂ 50 ಸೆಕೆಂಡುಗಳಿಂದ ಮುಂದಿದ್ದ ಲೊರಾಂ ಫಿನ್ಯೊಂ ಇಂಥ ಕುರುವಿನಿಂದ ನರಳುತ್ತಿದ್ದ. ಅಂದಿನ 24.5 ಕಿಲೋಮೀಟರಿನ ಓಟ ಮುಗಿದಾಗ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ಆ ಪಂದ್ಯವನ್ನು ಆತ ಗ್ರೆಗ್ ಲೆಮಾಂಡನಿಗೆ ಕೇವಲ 8 ಸೆಕೆಂಡುಗಳಿಂದ ಸೋತಿದ್ದ. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಕೂರಲಾರದವನಿಗೆ 8 ಸೆಕೆಂಡು ದೊಡ್ಡದಲ್ಲ.

ಅಷ್ಟು ದೂರದ ಉದಾಹರಣೆ ನನಗೆ ಬೇಕಿರಲಿಲ್ಲ. ನನ್ನ ತರಗತಿಯಲ್ಲಿಯೇ ಒಬ್ಬ ಹುಡುಗನಿದ್ದ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಮಕ್ಕಳು ಸೈಕಲ್ ಪಂದ್ಯಗಳಲ್ಲಿ ರಾಜ್ಯಕ್ಕೆ ಕೀರ್ತಿ ತಂದುದನ್ನು ಓದಿ, ತಾನೂ ಆಯ್ಕೆಯ ಓಟಕ್ಕೆ ನಿಲ್ಲುವೆನೆಂದು ದಿನವೂ ಅಭ್ಯಾಸ ಮಾಡುತ್ತಿದ್ದ. ಕೆಲವು ದಿನ ಅವನು ಬೆಂಚಿನ ತುದಿಯಲ್ಲಿ ಒಂದೇ ಪಕ್ಕಕ್ಕೆ ವಾಲಿ ಕೂರುವುದನ್ನು ಕಂಡೆ. ಕಂಡೂ ಕೇಳಲಿಲ್ಲ, ಆಗ ನನ್ನ ಜೋಮನ್ನೇ ನಾನು ಗುಟ್ಟಾಗಿ ಇಟ್ಟುಕೊಂಡಿದ್ದೆ. ಅವನು ಗುಳ್ಳೆಯನ್ನು ಹಿಸುಕಿ, ಅದರ ಮೇಲೆಯೇ ಸವಾರಿ ಮಾಡಿದ. ಜ್ವರ ಬಂದಿತು. ಆಯ್ಕೆಯ ದಿನ ಅವನು ಆಸ್ಪತ್ರೆಯಲ್ಲಿ ಕುರು ಕೊಯ್ಯಿಸಿಕೊಂಡು ಬೋರಲಾಗಿ ಮಲಗಿದ್ದ. “ಯಾರಿಗೆ ಹೇಳೋದು ಸಾರ್, ನಾಚಿಕೆ ಆಯ್ತು,” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮಗನಿಗೋ ಮಗಳಿಗೋ ಹೊಸ ಸೈಕಲ್ಲು ತಂದ ದಿನ ಅದಕ್ಕೆ ಹೂವು ಕುಂಕುಮ ಏರಿಸುವುದರ ಜೊತೆಗೆ, “ಕೂರುವಾಗ ಎಲ್ಲಾದರೂ ನೋವೋ ಜೋಮೋ ಆದರೆ ಹೇಳು, ನಾಚಬೇಡ” ಎಂಬ ಮಾತನ್ನೂ ಹೇಳಿ. ಗುಳ್ಳೆ ಎದ್ದರೆ ಹಿಸುಕದೆ, ಬಿಸಿನೀರಿನ ಶಾಖ ಕೊಟ್ಟು ಎರಡು ಮೂರು ದಿನ ಸವಾರಿ ನಿಲ್ಲಿಸಲಿ. ಕೆಂಪು ಹರಡಿದರೆ, ಜ್ವರ ಬಂದರೆ, ಅಥವಾ ಸವಾರ ಸಕ್ಕರೆ ಕಾಯಿಲೆಯವನಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಲಿ.

ಹುಡುಗ ಗುಣವಾಗಿದ್ದಾನೆ. ಮುಂದಿನ ಆಯ್ಕೆಗೆ ಮತ್ತೆ ಸಿದ್ಧನಾಗುತ್ತಿದ್ದಾನೆ. ಅವನ ಸೀಟಿಗೂ ಚಾಚಾ ರಸಮಟ್ಟ ಇಟ್ಟು ನೋಡಿದ್ದಾಯಿತು. ಕಳೆದ ಭಾನುವಾರ ನಾವಿಬ್ಬರೂ ಸೂಳೆಕೆರೆಯವರೆಗೆ ಹೋಗಿಬಂದೆವು. ಅವನು ಮುಂದೆ, ನಾನು ಬಹಳ ಹಿಂದೆ. ಸೋಮವಾರ ಮೂರು ಪೀರಿಯಡ್ಡುಗಳನ್ನೂ ಕುರ್ಚಿಯಲ್ಲಿ ಕುಳಿತೇ ಪಾಠ ಹೇಳಿದೆ. ಮೇಷ್ಟ್ರಿಗೆ ಉತ್ಸಾಹ ಕುಗ್ಗಿತೆಂದು ವಿದ್ಯಾರ್ಥಿಗಳು ಅಂದುಕೊಂಡಿರಬಹುದು. ಅಂದುಕೊಳ್ಳಲಿ.