ಉಕ್ಕು ಪುಲ್ಲಿಂಗ, ಕಂಚು ಸ್ತ್ರೀಲಿಂಗ: ಜರ್ಮನ್ ವಿಶೇಷಣಗಳ ಬಾಲ

ತುಕ್ಕು ಹಿಡಿಯದ ಉಕ್ಕಿಗೆ ಜರ್ಮನ್ ಭಾಷೆಯಲ್ಲಿ 'ರೋಸ್ಟ್‌ಫ್ರೈಯರ್ ಷ್ಟಾಲ್' ಎನ್ನುತ್ತಾರೆ. ಜರ್ಮನ್ ಯಂತ್ರದ ಕೈಪಿಡಿ ಹಿಡಿದ ಡಿಪ್ಲೊಮಾ ವಿದ್ಯಾರ್ಥಿ ನಿಘಂಟು ತೆರೆದರೆ ಅಲ್ಲಿ 'ರೋಸ್ಟ್‌ಫ್ರೈ' ಮಾತ್ರ ಸಿಗುತ್ತದೆ. ಕೊನೆಯ 'ಅರ್' ಎಲ್ಲಿಂದ ಬಂತು?

ಅದು ವಿಶೇಷಣದ ಪ್ರತ್ಯಯ. ಕನ್ನಡದಲ್ಲಿ 'ಶುದ್ಧ' ಎಂಬುದು ತಾಮ್ರದ ಮುಂದೆಯೂ ಕಂಚಿನ ಮುಂದೆಯೂ ಹಾಗೆಯೇ ನಿಲ್ಲುತ್ತದೆ. ವಿಭಕ್ತಿ ಹತ್ತುವುದು ನಾಮಪದಕ್ಕೆ. ಜರ್ಮನ್‌ನಲ್ಲಿ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ವಿಶೇಷಣವೂ ಬದಲಾಗುತ್ತದೆ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ. ಸೊಲ್ಲಾಪುರ, ಜತ್ತದ ಕನ್ನಡಿಗರಿಗಂತೂ ಮರಾಠಿಯ 'ಕಾಳಾ ಘೋಡಾ, ಕಾಳೀ ಗಾಯ್, ಕಾಳೇ ಮಾಂಜರ್' ನೆನೆದರೆ ಸಾಕು.

ಜರ್ಮನ್‌ನಲ್ಲಿ ಉಕ್ಕು ಪುಲ್ಲಿಂಗ, ಕಂಚು ಸ್ತ್ರೀಲಿಂಗ. ಕಬ್ಬಿಣ, ತಾಮ್ರ, ಸೀಸ, ಸತು, ಚಿನ್ನ, ಬೆಳ್ಳಿ ಎಲ್ಲವೂ ನಪುಂಸಕ ಲಿಂಗ. ಏಕೆಂದು ಕೇಳಿ ಪ್ರಯೋಜನವಿಲ್ಲ, ಬಾಯಿಪಾಠವೇ ಗತಿ. ಹೀಗಾಗಿ ಶುದ್ಧ ತಾಮ್ರ 'ರೈನೆಸ್ ಕುಪ್ಫರ್' ಆದರೆ, ಎರಕ ಹೊಯ್ದ ಕಂಚು 'ಗೆಗೊಸೆನೆ ಬ್ರೋಂಸೆ'.

ಮುಂದೆ 'ಡೆರ್' ಎಂಬ ಆರ್ಟಿಕಲ್ ಇದ್ದರೆ ಲಿಂಗ ತೋರಿಸುವ ಹೊಣೆ ಅದರದು; ವಿಶೇಷಣದ ಬಾಲ ಮೊಟಕಾಗಿ 'ಡೆರ್ ರೋಸ್ಟ್‌ಫ್ರೈಯೆ ಷ್ಟಾಲ್' ಆಗುತ್ತದೆ. ಆದರೆ ವಸ್ತುವಿನ ವಿವರ ಬರೆಯುವಾಗ ಆರ್ಟಿಕಲ್ ಬಿಡುವುದೇ ವಾಡಿಕೆ. ಆಗ ಹೊರೆಯೆಲ್ಲ ವಿಶೇಷಣದ ಮೇಲೆ. 'ಇಂಥದರಿಂದ ಮಾಡಿದ್ದು' ಎನ್ನಲು ಬಳಸುವ 'ಔಸ್' ಪದದ ನಂತರ ಚತುರ್ಥಿಯಂಥ ವಿಭಕ್ತಿ ಬರಬೇಕು: 'ಔಸ್ ರೋಸ್ಟ್‌ಫ್ರೈಯೆಮ್ ಷ್ಟಾಲ್'.

ಕಲಿಯುವವರು ಎಡವುವುದು 'ಅರ್' ಬಳಿಯೇ. 'ಔಸ್ ಗೆಗೊಸೆನರ್ ಬ್ರೋಂಸೆ' ಎಂಬಲ್ಲಿ ಅದೇ 'ಅರ್' ಇದೆ, ಆದರೆ ಕಂಚು ಪುಲ್ಲಿಂಗವಾಗಿಲ್ಲ. ಅದು ಸ್ತ್ರೀಲಿಂಗದ ಚತುರ್ಥಿ. ಇನ್ನು 'ಷ್ವೈಸೆನ್ ನಿಖ್ಟ್‌ರೋಸ್ಟೆಂಡರ್ ಷ್ಟೇಲೆ' ಎಂಬ ಶೀರ್ಷಿಕೆಯನ್ನು ನೋಡಿ. 'ಷ್ವೈಸೆನ್' ಎಂದರೆ ವೆಲ್ಡಿಂಗ್, 'ನಿಖ್ಟ್‌ರೋಸ್ಟೆಂಡ್' ಎಂದರೂ ತುಕ್ಕು ಹಿಡಿಯದ ಎಂದೇ; ಮಾನಕಗಳಲ್ಲಿ ಬಳಸುವ ಪದ ಇದು. ಇಲ್ಲಿನ 'ಅರ್' ಷಷ್ಠಿ ಬಹುವಚನ. ಅಂದರೆ ಅದು ಒಂದು ಉಕ್ಕಿನ ಮಾತಲ್ಲ, ತುಕ್ಕು ಹಿಡಿಯದ ಉಕ್ಕುಗಳ ವೆಲ್ಡಿಂಗ್. ಎಲ್ಲ ದರ್ಜೆಗೂ ಒಂದೇ ರಾಡ್ ಸಾಲದು. ಒಂದೇ ಉಕ್ಕು ಎಂದು ಓದಿಕೊಂಡವನ ಕೆಲಸ ಕೆಟ್ಟೀತು.

ನಕ್ಷೆಯ ಬಿಡಿಭಾಗಗಳ ಪಟ್ಟಿಯಲ್ಲಿ ಮಾತ್ರ ಈ ತಾಪತ್ರಯವಿಲ್ಲ. ಸತು ಲೇಪಿಸಿದ ಉಕ್ಕನ್ನು ಅಲ್ಲಿ 'ಷ್ಟಾಲ್, ಫೆರ್‌ತ್ಸಿಂಕ್ಟ್' ಎಂದು ಬರೆಯುತ್ತಾರೆ. ನಾಮಪದದ ಹಿಂದೆ ಅಲ್ಪವಿರಾಮ ಹಾಕಿ ಇಟ್ಟ ವಿಶೇಷಣಕ್ಕೆ ಯಾವ ಬಾಲವೂ ಇಲ್ಲ.