ಮಗ್ಗೆಯ ಬೇಸಗೆಯ ವರ್ತಮಾನ

ಬೇಸಗೆಯಲ್ಲಿ ಊರಿನ ವರ್ತಮಾನವೇನೆಂದು ಬಯಲುಸೀಮೆಯವರನ್ನು ಕೇಳಿದರೆ ಮದುವೆ, ಜಾತ್ರೆ, ನೀರಿನ ಅಭಾವ, ಮಕ್ಕಳ ಪರೀಕ್ಷೆಯ ಫಲ ಇಷ್ಟನ್ನು ಹೇಳಿ ಮುಗಿಸುವರು. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಮಗ್ಗೆಯಲ್ಲಿಯೂ ಇವೆಲ್ಲ ಉಂಟು. ಆದರೆ ಅಲ್ಲಿಯ ಕಾಫಿ ಹೋಟೆಲಿನ ಬೆಂಚಿನ ಮೇಲೆ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಹತ್ತು ನಿಮಿಷ ಕುಳಿತವರಿಗೆ ಬೇರೊಂದು ಬಗೆಯ ಮಾತು ಕಿವಿಗೆ ಬೀಳುವುದು.

"ಗೌಡರೇ, ನಿಮ್ಮಲ್ಲಿ ನಿನ್ನೆ ಎಷ್ಟಾಯಿತು?"

"ನಲವತ್ತು ಸೆಂಟು. ನಿಮ್ಮಲ್ಲಿ?"

"ನಮ್ಮಲ್ಲೆಲ್ಲಿ ಬಂತು, ಬರೀ ಗಾಳಿ."

ಹೊಸಬರು ಇದನ್ನು ನೆಲದ ಕ್ರಯವಿಕ್ರಯದ ಮಾತೆಂದು ತಿಳಿದರೆ ಆಶ್ಚರ್ಯವಿಲ್ಲ. ಮಿಕ್ಕೆಡೆಗಳಲ್ಲಿ ಸೆಂಟು ಎಂದರೆ ಎಕರೆಯ ನೂರರಲ್ಲಿ ಒಂದು ಪಾಲಷ್ಟೆ. ಇಲ್ಲಿ ಅದು ಇಂಚಿನ ನೂರರಲ್ಲಿ ಒಂದು ಪಾಲು; ಅಳೆಯುತ್ತಿರುವುದು ಮಳೆಯನ್ನು. ಸರಕಾರದ ಲೆಕ್ಕ ಮಿಲಿಮೀಟರಿಗೆ ತಿರುಗಿ ದಶಕಗಳು ಕಳೆದರೂ ಕಾಫಿಯ ಸೀಮೆ ಇಂಚು ಸೆಂಟುಗಳನ್ನು ಬಿಟ್ಟುಕೊಟ್ಟಿಲ್ಲ. ತೋಟದ ಮನೆಯ ಮುಂದೆ, ಮರದ ಹನಿ ಬೀಳದ ಬಯಲಿನಲ್ಲಿ, ಒಂದು ಆಲಿಕೆ. ಅದರ ಕೆಳಗೊಂದು ಪಾತ್ರೆ. ಬೆಳಗ್ಗೆ ಎದ್ದೊಡನೆ ಅದರಲ್ಲಿ ನಿಂತ ನೀರನ್ನು ಗೆರೆ ಕೊರೆದ ಗಾಜಿನ ಲೋಟಕ್ಕೆ ಸುರಿದು ನೋಡಿ, ತಾರೀಖಿನ ಮುಂದೆ ಬರೆದಿಡುವುದು. ಅಜ್ಜನ ಕಾಲದಿಂದ ಹೀಗೆ ಬರೆದಿಟ್ಟ ಪುಸ್ತಕಗಳನ್ನು ಜೋಪಾನ ಮಾಡಿದ ಮನೆಗಳು ಈ ಸೀಮೆಯಲ್ಲಿ ಇವೆ. ಜಮಾಖರ್ಚಿನ ಪುಸ್ತಕವನ್ನು ತೋರಿಸಲು ಹಿಂದೆಮುಂದೆ ನೋಡುವ ಯಜಮಾನರೂ ಮಳೆಯ ಪುಸ್ತಕವನ್ನು ಮಾತ್ರ ಅತಿಥಿಯ ಕೈಗೆ ಸಂತೋಷದಿಂದ ಕೊಡುವರು.

ಒಂದು ಹನಿಮಳೆಗೆ ಇಷ್ಟು ಗೌರವವೇಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿಯ ಗಿಡ ತನ್ನ ಮೊಗ್ಗುಗಳನ್ನು ಮಳೆಗಾಲ ಕಳೆದ ಮೇಲೆ ಕಟ್ಟಿಕೊಳ್ಳುವುದು. ಚಳಿಯೂ ಒಣಹವೆಯೂ ಸೇರಿದ ತಿಂಗಳುಗಳಲ್ಲಿ ಆ ಮೊಗ್ಗುಗಳು ಎಲೆಯ ಬುಡದಲ್ಲಿ ಬೆಳೆಯದೆ, ಬಾಡದೆ, ನಿದ್ರೆ ಹೋದಂತೆ ನಿಂತಿರುವುವು. ಈ ಒಣಗುವಿಕೆ ಗಿಡಕ್ಕೆ ಬೇಕಾದದ್ದೇ. ಅದಿಲ್ಲದಿದ್ದರೆ ಹೂವು ಒಂದೇ ಸಲಕ್ಕೆ ಕೂಡಿ ಬರುವುದಿಲ್ಲ. ಬಳಿಕ ರೊಬಸ್ಟಾ ಗಿಡಕ್ಕೆ ಫೆಬ್ರವರಿ ಮಾರ್ಚಿಯಲ್ಲಿ, ಅರೇಬಿಕಾ ಗಿಡಕ್ಕೆ ಮಾರ್ಚಿ ಏಪ್ರಿಲಿನಲ್ಲಿ, ಒಂದು ಇಂಚಿನಷ್ಟು ಮಳೆ ಬಿದ್ದರೆ ಮೊಗ್ಗು ಎಚ್ಚರಗೊಂಡು ಎಂಟು ಹತ್ತು ದಿನಗಳಲ್ಲಿ ಅರಳುವುದು. ಇದನ್ನೇ ಹೂಮಳೆಯೆನ್ನುವರು. ಆ ಮುಂಜಾನೆ ಗುಡ್ಡದ ಇಳಿಜಾರೆಲ್ಲ ಬಿಳುಪಾಗಿ, ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಬರುವುದು. ಎರಡು ಮೂರು ದಿನ ಕಳೆದರೆ ಎಲ್ಲವೂ ಕಂದುಬಣ್ಣ.

ಮಳೆ ನಲವತ್ತು ಸೆಂಟಿಗೇ ನಿಂತರೋ? ಮೊಗ್ಗು ಅರೆನಿದ್ದೆಯಿಂದೆದ್ದು, ಪೂರ್ತಿ ಬಿಚ್ಚಲಾರದೆ, ನಕ್ಷತ್ರದಾಕಾರದ ಗಿಡ್ಡ ಹೂವಾಗಿ ಉದುರಬಹುದು. ಅರಳಿದ ದಿನವೇ ಬಿರುಸಾಗಿ ಸುರಿದರೆ ಪರಾಗ ತೊಳೆದುಹೋಗುವುದು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೊಬಸ್ಟಾಕ್ಕೆ ಬೇರೊಂದು ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬಂದು ಸೇರಬೇಕು. ಇಷ್ಟೆಲ್ಲ ನೆಟ್ಟಗೆ ನಡೆದ ಮೇಲೂ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ತೋಟದವರು ಈ ಎರಡನೆಯದನ್ನು 'ಬ್ಯಾಕಿಂಗ್' ಎಂದು ಕರೆಯುವರು. ಮೈಸೂರು ಸಂಸ್ಥಾನದವರು 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿಯ ಪ್ರಯೋಗಶಾಲೆಯನ್ನು ತೆರೆದ ಲಾಗಾಯಿತು ವಿದ್ವಾಂಸರು ಈ ಗಿಡದ ವಿಚಾರವಾಗಿ ಬಹಳ ಕಂಡುಕೊಂಡಿದ್ದಾರೆ. ಆದರೂ ಮುಂದಿನ ಡಿಸೆಂಬರಿನಲ್ಲಿ ಒಂದು ಮನೆಯ ಸಾಲ ತೀರುವುದೋ ಬೆಳೆಯುವುದೋ ಎಂಬುದು ಇಂದಿಗೂ ಬಹುಮಟ್ಟಿಗೆ ಬೇಸಗೆಯ ಎರಡು ಸಂಜೆಗಳ ಮೇಲೆ ನಿಂತಿರುವುದು.

ಈ ವರ್ತಮಾನಕ್ಕೆ ಇನ್ನೊಂದು ವಿಚಿತ್ರ ಗುಣವುಂಟು. ಬೇಸಗೆಯ ಮಳೆ ಮುಂಗಾರಿನಂತೆ ನಾಡನ್ನೆಲ್ಲ ಒಟ್ಟಿಗೆ ತೋಯಿಸುವುದಿಲ್ಲ. ಮಧ್ಯಾಹ್ನ ಮೋಡ ಕಟ್ಟಿ, ಸಂಜೆಗೆ ಗುಡುಗಿ, ದಿಣ್ಣೆಯ ಈ ಕಡೆಗೆ ಎಂಬತ್ತು ಸೆಂಟು ಸುರಿದು ಆ ಕಡೆಯ ಧೂಳನ್ನು ಕೂಡ ಅಡಗಿಸದೆ ಹೊರಟುಹೋಗುವುದು. ಆದಕಾರಣ 'ಹಾಸನ ಜಿಲ್ಲೆಯ ಕೆಲವೆಡೆ ಮಳೆ' ಎಂಬ ವಾರ್ತೆ ಎಷ್ಟೇ ಸತ್ಯವಾದರೂ ಮಗ್ಗೆಯವರಿಗೆ ಅದರಿಂದ ಅರ್ಧ ಪ್ರಯೋಜನ. ಅವರಿಗೆ ಬೇಕಾದದ್ದು ಹಳ್ಳದ ಆಚೆಯ ತೋಟದ ಲೆಕ್ಕ. ಹೊಳೆ ಕೆರೆಗಳಲ್ಲಿ ನೀರಿರುವವರು ತುಂತುರು ನೀರಾವರಿಯ ಕೊಳವೆಗಳನ್ನು ಜೋಡಿಸಿಕೊಂಡು ಕಾಯುತ್ತಿರುವರು. ಇಂದು ಯಂತ್ರ ಹೂಡಿದರೆ ನಾಳೆ ಮಳೆ ಬಂದು ಎಣ್ಣೆಯ ಹಣ ವ್ಯರ್ಥವಾದೀತು. ನಾಳೆಯವರೆಗೆ ಕಾದರೆ ಮಳೆಯೂ ಬಾರದೆ ಕೆರೆಯ ನೀರೂ ಇಳಿದೀತು. ಕೆರೆಯಿಲ್ಲದ ಸಣ್ಣ ಹಿಡುವಳಿದಾರನಿಗೆ ಈ ಚಿಂತೆಯಿಲ್ಲ. ಅವನಿಗುಳಿದ ಕೆಲಸ ಆಕಾಶವನ್ನು ನೋಡುವುದೊಂದೇ.

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸುವುದಕ್ಕೆ ಎಷ್ಟೋ ಹಿಂದಿನಿಂದ ಈ ಸೀಮೆಯಲ್ಲಿ ವಾರ್ತಾಪ್ರಸಾರಕ್ಕೆ ಒಂದು ಏರ್ಪಾಡು ಇದ್ದಿತು, ಈಗಲೂ ಇದೆ. ಅದೇ ಸಾರು. ಕೊಯ್ಲು ಮುಗಿದು ಯುಗಾದಿಯ ಆಸುಪಾಸಿನಲ್ಲಿ ಮಲೆನಾಡಿನ ಊರುಗಳು ಗ್ರಾಮದೇವತೆಯ ಸುಗ್ಗಿಯನ್ನು ನಡೆಸುವುವು. ಅದಕ್ಕೆ ಮುಂಚೆ ತಮಟೆ ಬಾರಿಸಿ ಊರಿಗೆ ಸಾರು ಹಾಕುವರು. ಸಾರು ಬಿದ್ದ ಮೇಲೆ ಸುಗ್ಗಿ ಮುಗಿಯುವ ತನಕ ಹಸಿಮರ ಕಡಿಯಬಾರದು, ಒಲೆಯ ಮೇಲೆ ಒಗ್ಗರಣೆ ಸಿಡಿಸಬಾರದು ಎಂಬಂತಹ ಕಟ್ಟುಗಳು ಹಲವು ಊರುಗಳಲ್ಲಿವೆ. ಊರಿಂದೂರಿಗೆ ಕಟ್ಟಳೆ ಬೇರೆಯಾದರೂ ಒಂದಂಶ ಸಮಾನ: ಸಾರನ್ನು ಕೇಳಲಿಲ್ಲವೆಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ, ಯಾರ ಮನೆಗೂ ಅದನ್ನು ಮುಟ್ಟಿಸದೆ ಬಿಡುವಂತೆಯೂ ಇಲ್ಲ. ಕೇಳಿದವನು ಅದರಂತೆ ನಡೆಯಬೇಕು. ಇಂದಿನ ಪತ್ರಿಕೆಗಳಿಗೆ ಇಂತಹ ಓದುಗರು ಸಿಕ್ಕಿದರೆ ಸಂಪಾದಕರು ಧನ್ಯರಾಗುವರು!

ಸುಗ್ಗಿಯ ಕುಣಿತಕ್ಕೆಂದು ಬೆಂಗಳೂರು ಸೇರಿದ ಮಕ್ಕಳೆಲ್ಲ ಆಲೂರಿನಲ್ಲೋ ಸಕಲೇಶಪುರದಲ್ಲೋ ರೈಲಿಳಿದು ಬರುವರು. ಗದ್ದೆಯ ಬಯಲಿನಲ್ಲಿ ಬೆಳಕು ಹರಿಯುವವರೆಗೆ ವಾದ್ಯ. ಇದೇ ತಾಲ್ಲೂಕಿನ ಹೊಸಕೋಟೆಯ ಕೆಂಚಮ್ಮನಿಗೂ ಹರಕೆ ಹೊತ್ತವರು ಹೋಗಿಬರುವರು. ಹಾಸನಾಂಬೆಯೂ ಈಕೆಯೂ ಏಳು ಮಂದಿ ಮಾತೃಕೆಯರಲ್ಲಿ ಸೇರಿದ ಸೋದರಿಯರೆಂದು ಜನರ ನಂಬುಗೆ. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರು 1938ರಲ್ಲಿ ಪ್ರಕಟಿಸಿದ 'ಕಾಂತಾಪುರ' ಎಂಬ ಇಂಗ್ಲಿಷ್ ಕಾದಂಬರಿಯ ಗ್ರಾಮದೇವತೆಯ ಹೆಸರು ಕೆಂಚಮ್ಮ, ನದಿಯ ಹೆಸರು ಹಿಮವತಿ, ಮೇಲುಗಡೆಯ ಗುಡ್ಡದಲ್ಲಿ ದೊರೆಯೊಬ್ಬನ ಕಾಫಿ ತೋಟ; ಕಥೆಯನ್ನು ಹೇಳುವವಳು ಊರಿನ ಒಬ್ಬ ಅಜ್ಜಿ. ಈ ಸೀಮೆಯ ವರ್ತಮಾನವನ್ನು ಯಾರ ಬಾಯಿಂದ ಕೇಳಬೇಕೆಂಬುದು ಆ ಗ್ರಂಥಕರ್ತರಿಗೆ ಚೆನ್ನಾಗಿ ಗೊತ್ತಿದ್ದಿತು.

ಮದುವೆಗಳ ವಿಚಾರವನ್ನು ನಾವು ವಿಸ್ತರಿಸುವುದಿಲ್ಲ. ಅವು ಎಲ್ಲೆಡೆಯೂ ಒಂದೇ. ಗಾಳಿಮಳೆಗೆ ಮರ ಬಿದ್ದು ಕತ್ತಲಾದ ರಾತ್ರಿಗಳನ್ನೂ ಹಾಗೆಯೇ ಬಿಡೋಣ. ಹೇಳಲೇಬೇಕಾದದ್ದು ಆನೆಯ ಸುದ್ದಿ.

ಆಲೂರು ಸಕಲೇಶಪುರಗಳ ಕಾಫಿಯ ತೋಟಗಳಲ್ಲಿ ಕಾಡಾನೆಗಳು ಬಂದುಹೋಗುವ ಅತಿಥಿಗಳಲ್ಲ, ಅಲ್ಲಿಯೇ ನೆಲೆಸಿರುವ ನಿವಾಸಿಗಳು. ಹಗಲೆಲ್ಲ ತೋಟದ ನೆರಳಿನಲ್ಲಿ ನಿಂತು ರಾತ್ರಿ ಗದ್ದೆಗೂ ಬಾಳೆಗೂ ಇಳಿಯುವುವು. ರಾಜ್ಯದ ಉಚ್ಚನ್ಯಾಯಾಲಯಕ್ಕೆ ಆನೆಗಳ ಕಾರ್ಯಪಡೆ 2012ರಲ್ಲಿ ಒಪ್ಪಿಸಿದ ವರದಿಯಲ್ಲಿ ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಸೂಚಿಸಿತು. ಅದರಂತೆ 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದದ್ದೂ ಆಯಿತು. ಬರಿದಾದ ಜಾಗಕ್ಕೆ ಬೇರೆ ಆನೆಗಳು ಬಂದುವು. ಜನರು ಅವುಗಳಿಗೆ ಹೆಸರಿಟ್ಟಿದ್ದಾರೆ. 'ಭೀಮ ಎಲ್ಲಿದ್ದಾನೆ?' ಎಂದು ಕೇಳುವವನು ನೆಂಟನನ್ನು ವಿಚಾರಿಸುತ್ತಿರುವನೆಂದು ತಿಳಿಯಬಾರದು.

ಬೇಸಗೆಯಲ್ಲಿ ಅಪಾಯಕ್ಕೆ ಎರಡು ಕಾರಣಗಳು ಕೂಡುವುವು. ಒಂದು, ಏಪ್ರಿಲಿನಿಂದ ಮುಂದಕ್ಕೆ ಹಲಸು ಬಲಿಯುವುದು. ಆನೆಗೆ ಅದರ ವಾಸನೆ ದೂರದಿಂದಲೇ ತಿಳಿಯುವುದು. ಎಷ್ಟೋ ಮಂದಿ ಮನೆಯ ಹತ್ತಿರದ ಹಲಸನ್ನು ಎಳೆಯದಿರುವಾಗಲೇ ಕೊಯ್ದು ಹಾಕುವರು. ಇನ್ನೊಂದು, ಕಾಫಿ ಕೊಯ್ಲು ಮುಗಿದ ಮೇಲೆ ಮೆಣಸು ಕೊಯ್ಯಲು, ಗಿಡದ ಕಸಿಗೆ, ನೆರಳಿನ ಮರದ ಕೊಂಬೆ ಸವರಲು ಆಳುಗಳು ಬೆಳಗ್ಗೆಯೇ ತೋಟಕ್ಕೆ ಇಳಿಯಬೇಕಾಗುವುದು. ಪೊದೆಯಂತೆ ಬೆಳೆದ ರೊಬಸ್ಟಾ ಗಿಡಗಳ ಸಾಲಿನಲ್ಲಿ ಹತ್ತು ಮಾರು ಮುಂದೆ ನಿಂತ ಆನೆ ಕಣ್ಣಿಗೆ ಕಾಣಿಸದು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯದಲ್ಲಿ ಮಡಿದಾಗ ನಾಡೆಲ್ಲ ಮರುಗಿತು, ಮರುಗಿದ್ದು ಸರಿಯೇ. ಅದೇ ಸೀಮೆಯಲ್ಲಿ ಕೆಲಸಕ್ಕೆ ಹೊರಟು ದಾರಿಯಲ್ಲಿ ಸತ್ತ ಕೂಲಿಯವನ ಸುದ್ದಿ ಜಿಲ್ಲೆಯ ಪುಟವನ್ನು ದಾಟುವುದು ಅಪರೂಪ.

ಈಗ ಆನೆಗಳ ವಿಷಯದಲ್ಲಿಯೂ ಒಂದು ಬಗೆಯ ಸಾರು ಏರ್ಪಟ್ಟಿದೆ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದಾರೆ. ಅರಣ್ಯ ಇಲಾಖೆಯ ಪಡೆಗಳು ಹೆಜ್ಜೆ ಹಿಡಿದು ತಿರುಗುವುವು. ಆನೆ ಯಾವ ಊರಿನ ಹತ್ತಿರ ನಿಂತಿದೆಯೆಂಬುದು ಮೊಬೈಲ್ ಫೋನುಗಳಿಗೆ ಸಂದೇಶವಾಗಿ ಬರುವುದು. ರಸ್ತೆಯ ಪಕ್ಕದಲ್ಲಿ ಎಚ್ಚರಿಕೆಯ ಫಲಕಗಳೂ ದೀಪಗಳೂ ಇವೆ. ಇದು ಮೆಚ್ಚತಕ್ಕ ಕೆಲಸ. ಎಲ್ಲಿ ಇಂದು ಕೆಲಸ ನಡೆಸಬಾರದೆಂಬುದನ್ನು ಮೇಸ್ತ್ರಿ ಆಳುಗಳನ್ನು ಕಳುಹಿಸುವ ಮುಂಚೆಯೇ ತಿಳಿಯಬಹುದು. ಶಾಲೆಯ ಮಕ್ಕಳನ್ನು ಬೇರೆ ದಾರಿಯಲ್ಲಿ ಕರೆದೊಯ್ಯಬಹುದು.

ಆದರೆ ಹಳೆಯ ಸಾರಿಗೂ ಹೊಸ ಸಾರಿಗೂ ಒಂದು ವ್ಯತ್ಯಾಸವನ್ನು ನಾವು ಹೇಳದೆ ಇರಲಾರೆವು. ತಮಟೆಯ ಸದ್ದು ಓದು ಬಾರದವನ ಕಿವಿಗೂ ಬೀಳುತ್ತಿದ್ದಿತು. ಇಂದು ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಂ ಮೊದಲಾದ ದೂರದ ಪ್ರಾಂತಗಳಿಂದ ಬಂದು ಲೈನಿನ ಮನೆಗಳಲ್ಲಿ ಇಳಿದವರು ಬಹುಮಂದಿ. ಅವರ ಫೋನಿನ ಸಂಖ್ಯೆ ಪಟ್ಟಿಯಲ್ಲಿ ಸೇರದೆ ಇರಬಹುದು. ಸೇರಿದ್ದರೂ ಕನ್ನಡದ ಅಕ್ಷರ ಅವರಿಗೆ ತಿಳಿಯದು. ಬೆಳಗ್ಗೆ ಏಳು ಗಂಟೆಗೆ ಚೀಲ ಹೆಗಲಿಗೇರಿಸಿ ತೋಟದ ದಾರಿ ಹಿಡಿಯುವವರು ಅವರೇ. ಸಂದೇಶ ಬಂದ ಮನೆಯವರು ಲೈನಿನವರೆಗೆ ನಡೆದುಹೋಗಿ, ಕೈಸನ್ನೆಯಿಂದಾದರೂ ಸರಿ, ಆನೆ ಇಂತಹ ಕಡೆ ಇದೆಯೆಂದು ತಿಳಿಸಿಬರುವುದಕ್ಕೆ ಐದು ನಿಮಿಷ ಸಾಕು. ಹಾಗೆ ಮಾಡುವ ಯಜಮಾನಿಯರನ್ನೂ ಮೇಸ್ತ್ರಿಗಳನ್ನೂ ನಾವು ಬಲ್ಲೆವು. ಮಾಡದ ಕಡೆಗಳೂ ಇವೆ.

ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಕೂಡುವ ಹೊತ್ತಿಗೆ ಕಾಯಿ ನಿಂತದ್ದು ಎಷ್ಟು, ಉದುರಿದ್ದು ಎಷ್ಟು ಎಂಬುದು ಗೊತ್ತಾಗಿರುವುದು. ಬೆಂಗಳೂರಿನ ಮಕ್ಕಳು ಹಿಂದಿರುಗಿರುವರು, ಶಾಲೆಯ ಬಾಗಿಲು ತೆರೆದಿರುವುದು. ಮೃಗಶಿರೆಯಲ್ಲಿ ಮುಂಗಾರು ಹಿಡಿದ ಮೇಲೆ ಹೋಟೆಲಿನ ಬೆಂಚಿನ ಮೇಲೆ ಸೆಂಟಿನ ಮಾತು ನಿಲ್ಲುವುದು. ಆಗಿನ ಲೆಕ್ಕವೆಲ್ಲ ಇಂಚಿನದು. ಆಲಿಕೆಯ ಕೆಳಗಿನ ಪಾತ್ರೆಯನ್ನು ತುಂಬಿ ಚೆಲ್ಲುವ ಮುಂಚೆ ಎರಡು ಸಲ ಬರಿದುಮಾಡುವ ಕೆಲಸ ಮನೆಯ ಹುಡುಗರ ಪಾಲಿಗೆ ಬೀಳುವುದು.